ಯೋಮ್ ಕಿಪ್ಪೂರ್ ಉಪವಾಸದಲ್ಲಿ ಸ್ನಾನನಿಷೇಧ: ಸ್ವರೂಪ ಮತ್ತು ತತ್ತ್ವ

ಯಹೂದ್ಯರ ಧಾರ್ಮಿಕ ವರ್ಷದಲ್ಲಿ ಅತ್ಯಂತ ಪವಿತ್ರವೆನಿಸಿದ ದಿನ ಯೋಮ್ ಕಿಪ್ಪೂರ್, ಅರ್ಥಾತ್ ಪ್ರಾಯಶ್ಚಿತ್ತದ ದಿನ. ತಿಶ್ರಿ ಮಾಸದ 10ನೆಯ ದಿನ ಬರುವ ಈ ವ್ರತವು ಹಿಂದಿನ ಸಂಜೆಯಿಂದ ಆರಂಭಗೊಂಡು ಮರುದಿನ ರಾತ್ರಿಯಾಗುವವರೆಗೆ ನಡೆಯುತ್ತದೆ. ಅಂದು ಅನ್ನಪಾನಗಳಂತೆ ಸ್ನಾನವೂ ನಿಷಿದ್ಧ. ಪಾಪವನ್ನು ಕಳೆದುಕೊಳ್ಳುವ ದಿನವೇ ಮೈ ತೊಳೆಯಬಾರದೆಂಬ ವಿಧಿ ಮೇಲುನೋಟಕ್ಕೆ ವಿರೋಧಾಭಾಸವಾಗಿ ಕಾಣುತ್ತದೆ. ಇಲ್ಲಿ ನಿಷೇಧಕ್ಕೆ ಒಳಗಾದುದು ನೀರೇ, ಶುಚಿತ್ವವೇ ಅಥವಾ ಸ್ನಾನದ ಸುಖವೇ ಎಂಬುದು ವಿವೇಚನಾರ್ಹ ಪ್ರಶ್ನೆ.

ತೋರಾದ ಯಾಜಕಕಾಂಡವು 16 ಮತ್ತು 23ನೆಯ ಅಧ್ಯಾಯಗಳಲ್ಲಿ ಅಂದು ದೇಹಾತ್ಮಗಳನ್ನು ದಂಡಿಸಿಕೊಳ್ಳಬೇಕೆಂದು ವಿಧಿಸುತ್ತದೆಯೇ ಹೊರತು ಈ ದಂಡನೆಯ ಅಂಗವಾಗಿ ಸ್ನಾನತ್ಯಾಗವನ್ನು ಹೆಸರಿಸುವುದಿಲ್ಲ. ದಂಡನೆಯ ಸ್ವರೂಪವನ್ನು ಸ್ಪಷ್ಟಪಡಿಸುವುದು ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ. ಅದರ ‘ಯೋಮಾ’ ಭಾಗದ 8ನೆಯ ಅಧ್ಯಾಯವು ಅನ್ನಪಾನ, ಸ್ನಾನ, ತೈಲಲೇಪನ, ಪಾದರಕ್ಷೆ ಹಾಗೂ ದಾಂಪತ್ಯಸುಖ ಎಂಬ ಐದನ್ನು ವರ್ಜ್ಯವೆನ್ನುತ್ತದೆ. ಇವುಗಳಲ್ಲಿ ಸ್ನಾನನಿಷೇಧವು ತೋರಾದ ಆಜ್ಞೆಯೋ ರಬ್ಬಿಗಳ ಕಟ್ಟಳೆಯೋ ಎಂಬ ಬಗ್ಗೆ ಶಾಸ್ತ್ರಕಾರರಲ್ಲಿ ಭಿನ್ನಾಭಿಪ್ರಾಯಗಳಿವೆ. 14ನೆಯ ಶತಮಾನದ ರಬ್ಬಿ ನಿಸ್ಸಿಮ್ ಅವರು, ದಂಡನೆಯ ವಿವರಗಳನ್ನು ನಿರ್ಣಯಿಸುವ ಹೊಣೆಯನ್ನು ತೋರಾ ವಿದ್ವಾಂಸರಿಗೇ ವಹಿಸಿದೆ ಎಂದು ಸಮನ್ವಯ ಸೂಚಿಸಿದರು.

ನಿಷೇಧದ ವ್ಯಾಪ್ತಿ ಕಟ್ಟುನಿಟ್ಟಾದುದು. 12ನೆಯ ಶತಮಾನದ ಮೈಮೋನಿಡೀಸರ ಪ್ರಕಾರ ಬಿಸಿನೀರಾಗಲಿ ತಣ್ಣೀರಾಗಲಿ, ಇಡೀ ದೇಹಕ್ಕಾಗಲಿ ಒಂದು ಅಂಗಕ್ಕಾಗಲಿ ತಾಗಿಸುವಂತಿಲ್ಲ. ಕಿರುಬೆರಳನ್ನು ನೀರಿನಲ್ಲಿ ಅದ್ದುವುದೂ ಸಲ್ಲದು. ಆದರೆ ಇಷ್ಟು ಕಠಿಣವಾದ ವಿಧಿಗೆ ಇರುವ ವಿನಾಯಿತಿಗಳೇ ಅದರ ತತ್ತ್ವವನ್ನು ತೆರೆದು ತೋರಿಸುತ್ತವೆ. ಕೆಸರು ಅಥವಾ ಹೊಲಸು ಮೆತ್ತಿಕೊಂಡವನು ಆ ಭಾಗವನ್ನು ಎಂದಿನಂತೆ ತೊಳೆದುಕೊಳ್ಳಬಹುದು. ತಾಯಿ ತನ್ನ ಮಗುವಿಗೆ ಉಣಿಸಲು ಕೈ ತೊಳೆಯಬಹುದು. ರೋಗಿಗೆ ನಿರ್ಬಂಧವಿಲ್ಲ. ಮುಂಜಾನೆ ಬೆರಳುಗಳ ಬುಡದವರೆಗೆ ಮಾತ್ರ ಕೈ ತೊಳೆಯುವುದು ವಿಹಿತ. 1565ರಲ್ಲಿ ವೆನಿಸ್‌ನಲ್ಲಿ ಮೊದಲು ಮುದ್ರಣಗೊಂಡ, ಯೋಸೆಫ್ ಕಾರೋ ಅವರ ‘ಶುಲ್ಹಾನ್ ಅರೂಖ್’ ಗ್ರಂಥವು ನವವಧುವಿಗೆ ವಿವಾಹದ 30 ದಿನಗಳೊಳಗೆ ಮುಖ ತೊಳೆಯಲು ಅನುಮತಿ ನೀಡುತ್ತದೆ.

ನೀರನ್ನು ದಾಟುವ ಪ್ರಸಂಗ ಇನ್ನಷ್ಟು ಗಮನಾರ್ಹ. ತಂದೆಯನ್ನೋ ಗುರುವನ್ನೋ ಕಾಣಲು ಹೊರಟವನು ಕುತ್ತಿಗೆಯವರೆಗಿನ ನೀರಿನಲ್ಲೂ ಹಾಯ್ದುಹೋಗಬಹುದೆಂದು ತಾಲ್ಮುಡ್ ಹೇಳುತ್ತದೆ. ಹಿಂದಿರುಗಿ ಬರುವುದಕ್ಕೂ ಸಮ್ಮತಿಯಿದೆ. ಅದನ್ನು ತಡೆದರೆ ಮುಂದೆ ಹೋಗುವ ಮನಸ್ಸೇ ಕುಂದೀತೆಂಬುದು ಕಾರಣ. ಇಲ್ಲಿ ದೇಹವೆಲ್ಲ ನೆನೆದರೂ ದೋಷವಿಲ್ಲ. ತಂಪಿಗಾಗಿ ಬೆರಳದ್ದಿದರೆ ದೋಷವುಂಟು. ಆದುದರಿಂದ ನಿರ್ಣಾಯಕವಾದುದು ನೀರಿನ ಪ್ರಮಾಣವಲ್ಲ, ಉದ್ದೇಶ.

ಜೆರುಸಲೇಮಿನ ದೇವಾಲಯದ ವಿಧಿಗಳು ಈ ನಿಲುವನ್ನು ಪುಷ್ಟೀಕರಿಸುತ್ತವೆ. ಇದೇ ದಿನ ಮಹಾಯಾಜಕನು 5 ಬಾರಿ ನೀರಿನಲ್ಲಿ ಮುಳುಗಿ, 10 ಬಾರಿ ಕೈಕಾಲು ತೊಳೆಯಬೇಕಾಗಿತ್ತು. ಅವನು ವೃದ್ಧನೋ ಸುಕುಮಾರನೋ ಆಗಿದ್ದರೆ ನೀರಿನ ಚಳಿ ಮುರಿಯಲು ಬಿಸಿನೀರನ್ನು ಬೆರೆಸಲಾಗುತ್ತಿತ್ತೆಂದು ಮಿಷ್ನಾ ತಿಳಿಸುತ್ತದೆ. ಇತರರಿಗೆ ನಿಷಿದ್ಧವಾದುದು ಅವನಿಗೆ ಕರ್ತವ್ಯವಾಗಿತ್ತು.

ದೇವಾಲಯದ ನಾಶವನ್ನು ನೆನೆಯುವ ತಿಶಾ ಬೆಆವ್ ಉಪವಾಸದಲ್ಲಿಯೂ ಸ್ನಾನ ನಿಷಿದ್ಧ. ಆದರೆ ಅಲ್ಲಿನ ಪ್ರೇರಣೆ ಶೋಕ. ರಬ್ಬಿ ಯೆಹೋಶುವಾ ಬೆನ್ ಲೇವಿ ಅವರ ಆಚರಣೆಯಲ್ಲಿ ಈ ಎರಡು ದಿನಗಳ ವ್ಯತ್ಯಾಸ ಕಾಣಸಿಗುತ್ತದೆ. ತಿಶಾ ಬೆಆವ್‌ಗೆ ಹಿಂದಿನ ದಿನವೇ ನೆನೆಸಿಟ್ಟ ಬಟ್ಟೆಯಿಂದ ಅವರು ಮುಖ, ಕೈಕಾಲು ಒರೆಸಿಕೊಳ್ಳುತ್ತಿದ್ದರು. ಯೋಮ್ ಕಿಪ್ಪೂರ್‌ಗಾದರೋ ಬಟ್ಟೆಯನ್ನು ಒಣಗಿದಂತಾಗಿಸಿ ಕಣ್ಣುಗಳ ಮೇಲಷ್ಟೇ ಆಡಿಸುತ್ತಿದ್ದರು. ಯೋಮ್ ಕಿಪ್ಪೂರ್ ದಿನ ಕೆಲಸವೂ ವರ್ಜ್ಯ. ಬಟ್ಟೆ ಹಿಂಡುವುದು ಕೆಲಸವೆನಿಸುವುದರಿಂದ ಅಲ್ಲಿ ಹೆಚ್ಚಿನ ಎಚ್ಚರ ಅಗತ್ಯವಾಯಿತು.

ಕ್ರಿ.ಶ. 70ರಲ್ಲಿ ದೇವಾಲಯವು ನಾಶವಾದ ಬಳಿಕ ಮಹಾಯಾಜಕನ ಮುಳುಗುಸ್ನಾನಗಳು ನಿಂತುಹೋದವು. ‘ಯೋಮಾ’ ಭಾಗದ ಕೊನೆಯಲ್ಲಿ ರಬ್ಬಿ ಅಕಿವಾ ಅವರು, ಸ್ನಾನಕುಂಡವೆಂದೂ ಭರವಸೆಯೆಂದೂ ಅರ್ಥವಿರುವ ‘ಮಿಕ್ವೆ’ ಎಂಬ ಹೀಬ್ರೂ ಪದವನ್ನು ದೇವರಿಗೆ ಅನ್ವಯಿಸಿ, ಜನರನ್ನು ಶುದ್ಧಗೊಳಿಸುವವನು ಅವನೇ ಎಂದು ಪ್ರತಿಪಾದಿಸಿದರು. ಮೈಗೆ ನೀರು ಸೋಕದ ದಿನದಲ್ಲಿಯೂ ಶುದ್ಧಿಯ ಪರಿಕಲ್ಪನೆ ಉಳಿದುಬಂದುದು ಹೀಗೆ. ಸುಖವನ್ನು ತ್ಯಜಿಸಬೇಕು, ಆದರೆ ಮಗುವಿನ ಹಸಿವನ್ನಾಗಲಿ ರೋಗಿಯ ಅಗತ್ಯವನ್ನಾಗಲಿ ಕಡೆಗಣಿಸಬಾರದೆಂಬ ವಿವೇಕವೇ ಈ ವಿಧಿಗಳ ಸಾರ.