ಪಿಸಿಎಮ್ಮಾ, ಸಿಬಿಝಡ್ಡಾ?

ಸರ್ಕಾರಿ ಪ್ರೌಢಶಾಲೆಗೆ ಹೊಸ ಮೇಷ್ಟ್ರು ಬಂದರೆಂದರೆ ಅವರ ಊರು, ಹೆಸರು ವಿಚಾರಿಸುವ ಮೊದಲೇ ಸ್ಟಾಫ್‌ರೂಮಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: 'ಸಾರ್, ನೀವು ಪಿಸಿಎಮ್ಮಾ, ಸಿಬಿಝಡ್ಡಾ?' ಎರಡೂ ಅಲ್ಲವಾದರೆ ಆರ್ಟ್ಸ್; ಅದೂ ಅಲ್ಲವಾದರೆ ಕನ್ನಡ, ಇಂಗ್ಲಿಷ್ ಅಥವಾ ಹಿಂದಿ; ಕೊನೆಗೆ ಡ್ರಾಯಿಂಗ್, ಪಿ.ಟಿ. ಕಾಲೇಜಿನಲ್ಲಿ ಇರುವಂತೆ ಇಲ್ಲಿ ವಿಭಾಗಗಳಿಲ್ಲ, ವಿಭಾಗ ಮುಖ್ಯಸ್ಥರೂ ಇಲ್ಲ. ಇರುವುದು ಕುರ್ಚಿಗಳು. ಒಂದೊಂದು ಕುರ್ಚಿಯನ್ನೂ ಒಂದೊಂದು ಕಾಲ ತಂದು ಹಾಕಿದೆ.

ಹಳೆಯ ಮೈಸೂರಿನಲ್ಲಿ ಈ ಕಥೆ 1833ರಿಂದ ಶುರು. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ತೆರೆದ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು. ಆ ಕಾಲದ ಹೈಸ್ಕೂಲುಗಳಲ್ಲಿ ಮೇಷ್ಟ್ರುಗಳದು ಎರಡೇ ಜಾತಿ. ಇಂಗ್ಲಿಷ್ ಬಲ್ಲ ಪದವೀಧರರು ಗಣಿತ, ಚರಿತ್ರೆ, ಭೂಗೋಳ ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳುತ್ತಿದ್ದರು. ಇನ್ನೊಂದು ಕಡೆ ಪಂಡಿತರು: ಹಳಗನ್ನಡವೋ ಸಂಸ್ಕೃತವೋ ಬಾಯಿಗೆ ಬರುತ್ತಿದ್ದವರು. ಅವರು ಸಂಬಳದಲ್ಲೂ ಮರ್ಯಾದೆಯಲ್ಲೂ ಒಂದು ಮೆಟ್ಟಿಲು ಕೆಳಗೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿದರೂ ಅಲ್ಲಿ ಕನ್ನಡ ಎಂ.ಎ. ಆರಂಭವಾದದ್ದು 1927ರಲ್ಲಿ. ಕುವೆಂಪು ಅದನ್ನು ಮುಗಿಸಿದ್ದು 1929ರಲ್ಲಿ. ಕನ್ನಡ ಮೇಷ್ಟ್ರಿಗೂ ಪದವಿಯ ಬಲ ಬರತೊಡಗಿದ್ದು ಆಮೇಲೆ. ಪಂಡಿತರ ಮೇಲಿನ ಹಾಸ್ಯ ಮಾತ್ರ ಬಹಳ ಕಾಲ ಉಳಿಯಿತು.

1956ರ ಏಕೀಕರಣದಲ್ಲಿ ಒಂದಾದದ್ದು ಬರೀ ನಕ್ಷೆಯಲ್ಲ. ಧಾರವಾಡದ ಕಡೆ ಮುಂಬೈ ಪದ್ಧತಿ, ಮಂಗಳೂರಿನಲ್ಲಿ ಮದರಾಸಿನದು, ಕಲಬುರಗಿ ಕಡೆ ನಿಜಾಮರ ಕಾಲದ ಉರ್ದು ಮಾಧ್ಯಮದ ನೆನಪು, ಜೊತೆಗೆ ಕೊಡಗು ಮತ್ತು ಮೈಸೂರು. ಇವೆಲ್ಲಕ್ಕೂ ಸೇರಿಸಿ ಒಂದು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಆದದ್ದು 1966ರಲ್ಲಿ. ಆ ಹೊತ್ತಿಗೆ ದೆಹಲಿಯ ಗಾಳಿಯೂ ಬದಲಾಗಿತ್ತು. 1952–53ರ ಮುದಲಿಯಾರ್ ಆಯೋಗಕ್ಕೆ ಬೇಕಾಗಿದ್ದವು ಕೃಷಿ, ತಾಂತ್ರಿಕ, ವಾಣಿಜ್ಯ ಎಂದು ಹಲವು ಕವಲುಗಳಿರುವ ವಿವಿಧೋದ್ದೇಶ ಶಾಲೆಗಳು. ಅಂಥ ಶಾಲೆಗಳಿಗೆ ಶಿಕ್ಷಕರನ್ನು ತಯಾರು ಮಾಡಲೆಂದೇ 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಬಂತು. ಅದರ ಆವರಣದ ಡೆಮಾನ್‌ಸ್ಟ್ರೇಷನ್ ಶಾಲೆಯ ಹೆಸರಿಗೆ 'ಮಲ್ಟಿಪರ್ಪಸ್' ಅಂಟಿಕೊಂಡದ್ದೂ ಹಾಗೆಯೇ. ಆದರೆ 1964–66ರ ಕೊಠಾರಿ ಆಯೋಗ ಹಿಡಿದದ್ದು ಬೇರೆ ದಾರಿ. ಹತ್ತನೇ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಒಂದೇ ಪಠ್ಯ, ಅದರಲ್ಲಿ ವಿಜ್ಞಾನ, ಗಣಿತ ಕಡ್ಡಾಯ ಎಂದಿತು. ಐಚ್ಛಿಕವಾಗಿ ಬೇಕಾದವರು ಓದುತ್ತಿದ್ದ ವಿಷಯ ಹಳ್ಳಿ ಹಳ್ಳಿಯ ಪ್ರತಿ ಮಗುವಿನ ಪಾಲಿಗೂ ಬಂತು. ಅದನ್ನು ಕಲಿಸುವವರು?

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಬಿ.ಎಸ್ಸಿ. ಎಂದರೆ ಮೂರು ವಿಷಯಗಳ ಗೊಂಚಲು. ಭೌತ, ರಸಾಯನ, ಗಣಿತ ಸೇರಿದರೆ ಪಿಸಿಎಂ. ರಸಾಯನ, ಸಸ್ಯ, ಪ್ರಾಣಿ ಸೇರಿದರೆ ಸಿಬಿಝಡ್. ಹೈಸ್ಕೂಲಿನ ಹುದ್ದೆಗಳಿಗೂ ಅದೇ ಗೊಂಚಲಿನ ಹೆಸರು ಬಿತ್ತು. ಸಾಮಾನ್ಯವಾಗಿ ಪಿಸಿಎಂ ಮೇಷ್ಟ್ರಿಗೆ ಗಣಿತದ ಜೊತೆ ಭೌತವಿಜ್ಞಾನ, ಸಿಬಿಝಡ್ ಮೇಡಂಗೆ ಜೀವವಿಜ್ಞಾನದ ಜೊತೆ ರಸಾಯನ. ರಸಾಯನವನ್ನು ಇಬ್ಬರೂ ಓದಿರುತ್ತಾರೆ, ಹಾಗಾಗಿ ಜೂನ್ ತಿಂಗಳಲ್ಲಿ ವೇಳಾಪಟ್ಟಿ ಹಾಕುವಾಗ ಆ ಪಾಠಗಳು ಯಾರ ತಲೆಗೆ ಎಂಬ ಸಣ್ಣ ಜಗ್ಗಾಟವೂ ಆಗುವುದುಂಟು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಒಂದೇ ಪತ್ರಿಕೆ. ಇಬ್ಬರ ದುಡಿಮೆಗೂ ಒಂದೇ ಅಂಕ. ಫಲಿತಾಂಶ ಕುಸಿದ ವರ್ಷ ಹೊಣೆಯ ಪಾಲು ಹಂಚುವುದು ವೇಳಾಪಟ್ಟಿ ಹಂಚಿದಷ್ಟು ಸಲೀಸಲ್ಲ.

ಆರ್ಟ್ಸ್ ಮೇಷ್ಟ್ರ ಪಾಡು ಇನ್ನೂ ಸ್ವಾರಸ್ಯ. ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪುಸ್ತಕ ತೆರೆದು ನೋಡಿ: ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಆರೂ ಒಬ್ಬರದೇ. ಪದವಿಯಲ್ಲಿ ಭೂಗೋಳದ ಮುಖವನ್ನೇ ಕಾಣದವರು ಭಾರತದ ಮಣ್ಣಿನ ಬಗೆಗಳನ್ನೂ ನಕ್ಷೆ ಬಿಡಿಸುವುದನ್ನೂ ಹೇಳಿಕೊಡಬೇಕು. ವಾಣಿಜ್ಯ ಓದದವರು ಬ್ಯಾಂಕ್ ಖಾತೆಗಳ ಬಗ್ಗೆ ಪಾಠ ಮಾಡಬೇಕು. ಇದರ ಮೇಲೆ ಬಹುಕಾಲ ಇಂಗ್ಲಿಷೂ ಅವರದೇ ಹೆಗಲ ಮೇಲಿತ್ತು. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡಲು ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂದದ್ದೂ 1963ರಲ್ಲೇ. ಈಚೆಗೆ ಇಂಗ್ಲಿಷಿಗೇ ಪ್ರತ್ಯೇಕ ಹುದ್ದೆಗಳಿವೆ. ಅವು ಇಲ್ಲದ ಕಡೆ ಆರ್ಟ್ಸ್ ಮೇಷ್ಟ್ರೇ ಗತಿ.

ಭಾಷೆಯ ಕುರ್ಚಿಗಳಿಗೆ ಬೀದಿಯ ಇತಿಹಾಸವೂ ಇದೆ. 1968ರ ರಾಷ್ಟ್ರೀಯ ಶಿಕ್ಷಣ ನೀತಿಯ ತ್ರಿಭಾಷಾ ಸೂತ್ರ ಹಿಂದಿ ಶಿಕ್ಷಕರ ಜಾಗವನ್ನು ಗಟ್ಟಿ ಮಾಡಿತು. ಪ್ರಥಮ ಭಾಷೆಯ ಸ್ಥಾನದಲ್ಲಿ ಸಂಸ್ಕೃತ ಕೂತದ್ದರ ವಿವಾದ ಗೋಕಾಕ್ ಸಮಿತಿಗೆ ದಾರಿ ಮಾಡಿತು. ವರದಿ ಬಂದದ್ದು 1981ರಲ್ಲಿ. ಅದನ್ನು ಜಾರಿ ಮಾಡಿ ಎಂದು 1982ರಲ್ಲಿ ರಾಜಕುಮಾರ್ ಬೀದಿಗಿಳಿದ ಮೇಲೆ ಚಳವಳಿ ಊರೂರಿಗೆ ಹಬ್ಬಿತು. ಇಂದು ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ ನೂರು. ಒಂದು ಕಾಲದ ಪಂಡಿತರ ಕುರ್ಚಿ ಅಂಕದ ಲೆಕ್ಕದಲ್ಲಾದರೂ ಎಲ್ಲರಿಗಿಂತ ಎತ್ತರಕ್ಕೆ ಬಂತು.

ಆ 625ರ ಹೊರಗೆ ಉಳಿದವರು ಡ್ರಾಯಿಂಗ್, ವೃತ್ತಿ ಶಿಕ್ಷಣ, ಪಿ.ಟಿ. ಶಿಕ್ಷಕರು. ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಆಗಸ್ಟ್ ಹದಿನೈದು ಬಂದರೆ ಶಾಲೆ ನಡೆಯುವುದೇ ಇವರಿಂದ. ಜನವರಿ ಬಂದರೆ ಇವರ ಪೀರಿಯಡ್ಡನ್ನು ಗಣಿತ, ವಿಜ್ಞಾನದವರು 'ಪಾಸಿಂಗ್ ಪ್ಯಾಕೇಜ್' ಓದಿಸಲು ಕೇಳಿ ಪಡೆಯುತ್ತಾರೆ. ಪಡೆದದ್ದನ್ನು ಹಿಂತಿರುಗಿಸಿದವರನ್ನು ಯಾರೂ ಕಂಡಂತಿಲ್ಲ.

ಹೀಗೆ ಹುದ್ದೆ ಹುಟ್ಟಿದ್ದು ಪದವಿಯ ಗೊಂಚಲಿನಿಂದ, ಪರೀಕ್ಷೆಯ ಅಂಕದಿಂದ, ಚಳವಳಿಯಿಂದ. ತರಗತಿಯ ಮಗುವಿಗೆ ಏನು ಬೇಕು ಎಂಬ ಲೆಕ್ಕ ಕೊನೆಗೆ ಬಂತು. ಸಣ್ಣ ಶಾಲೆಯಲ್ಲಿ ಒಂದು ಗೊಂಚಲಿಗೆ ಇರುವುದು ಒಬ್ಬರೇ ಶಿಕ್ಷಕರು. ಅವರಿಗೆ ವರ್ಗವಾದರೆ ಆ ವಿಷಯವೇ ಊರು ಬಿಟ್ಟಂತೆ. ಅತಿಥಿ ಶಿಕ್ಷಕರು ಬರುವವರೆಗೆ ಮಕ್ಕಳು ಪುಸ್ತಕ ನೋಡಿಕೊಂಡು ಬರೆಯಬೇಕು. ಈಗ ಗೊಂಚಲೇ ಅಲುಗಾಡಿದೆ. 2021–22ರಿಂದ ಮೂರು ವರ್ಷ ಪದವಿಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಮೂರರ ಬದಲು ಎರಡು ಮುಖ್ಯ ವಿಷಯ ಹಿಡಿದರು. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ, ಮೂರು ವಿಷಯಗಳ ಪದವಿಗೇ ಮರಳಿತು. ನಡುವೆ ಓದಿದವರನ್ನು ಪಿಸಿಎಂ, ಸಿಬಿಝಡ್ ಎಂಬ ಹಳೆಯ ಅಳತೆಯಲ್ಲೇ ಅಳೆಯುವುದು ನ್ಯಾಯವಲ್ಲ. ನೇಮಕಾತಿ ನಿಯಮ ತಿದ್ದುವಾಗ ಭೂಗೋಳಕ್ಕೂ ಒಂದು ಜಾಗ ಹುಡುಕಿದರೆ ಒಳ್ಳೆಯದು.

ಅಲ್ಲಿಯವರೆಗೆ ಪೋಷಕರು ಮಾಡಬಹುದಾದ ಒಂದು ಕೆಲಸವಿದೆ. ಮುಂದಿನ ಪೋಷಕರ ಸಭೆಗೆ ಹೋದಾಗ ಶಾಲೆಯ ಫಲಿತಾಂಶ ಶೇಕಡಾ ಎಷ್ಟು ಎಂದು ಕೇಳುವ ಮೊದಲು, ಯಾವ ಹುದ್ದೆ ಖಾಲಿ ಇದೆ, ಎಂದಿನಿಂದ ಖಾಲಿ ಇದೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಉತ್ತರವನ್ನು ಬರೆದುಕೊಂಡು ಬಿಇಒ ಕಚೇರಿಗೂ ಒಂದು ಅರ್ಜಿ ಕೊಟ್ಟು ಬನ್ನಿ.