ಗ್ರೀನ್ ಮೇಲೆ ಬೆಳ್ಳಿ ಪಾಚಿ

ಯೆರವಡಾದ ಪೂನಾ ಕ್ಲಬ್ ಇರಲಿ, ಬಾವಧನದ ಆಕ್ಸ್‌ಫರ್ಡ್ ಇರಲಿ, ಪುಣೆಯ ಗಾಲ್ಫ್ ಮೈದಾನಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದೇ ರಾಜ್ಯ. ಪಟಿಂಗ್ ಗ್ರೀನ್ ಕಾಯುವವರು ಬಗ್ಗಿ ನೋಡಬೇಕಾದ ಕಾಲ ಇದು.

ಹುಲ್ಲಿನ ನಡುವೆ ನಾಣ್ಯದಷ್ಟು ಅಗಲದ, ಬೆಳ್ಳಿ ಬಣ್ಣ ಬೆರೆತ ಹಸಿರು ಮಚ್ಚೆ. ಮುಟ್ಟಿದರೆ ಮಖಮಲ್ಲು. ಹೆಸರು ಬ್ರಯಂ ಆರ್ಜೆಂಟಿಯಂ. ನಮ್ಮ ತಾರಸಿ, ಕಾಂಪೌಂಡ್ ಗೋಡೆಯ ಮೇಲೂ ಬೆಳೆಯುವ ಪಾಚಿ. ಇದಕ್ಕೆ ನಿಜವಾದ ಬೇರಿಲ್ಲ. ನೀರು, ಪೋಷಕಾಂಶ ಎರಡನ್ನೂ ಎಲೆಯಿಂದಲೇ ಹೀರುತ್ತದೆ. ಒಣಗಿ ಬೂದಿಯಂತಾದರೂ ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಕತ್ತರಿಸುವ ಯಂತ್ರಕ್ಕೆ ಅಂಟಿದ ಸಣ್ಣ ಚೂರು ಸಾಕು, ಮುಂದಿನ ಗ್ರೀನ್‌ನಲ್ಲಿ ಹೊಸ ಮಚ್ಚೆ ಏಳಲು.

ಪಾಚಿ ಹುಲ್ಲನ್ನು ಕೊಲ್ಲುವುದಿಲ್ಲ. ಹುಲ್ಲು ಸೊರಗಿದ ಜಾಗ ಹಿಡಿಯುತ್ತದೆ. ಚೆಂಡು ವೇಗವಾಗಿ ಉರುಳಲೆಂದು ಹುಲ್ಲನ್ನು ನುಣ್ಣಗೆ ಬೋಳಿಸುವುದೇ, ನನ್ನ ಪ್ರಕಾರ, ದೊಡ್ಡ ತಪ್ಪು. ಕತ್ತರಿಸುವ ಎತ್ತರ ಅರ್ಧ ಮಿಲಿಮೀಟರ್ ಏರಿಸಿದರೂ ಹುಲ್ಲಿಗೆ ಉಸಿರು ಬರುತ್ತದೆ. ಸಾರಜನಕ ಸ್ವಲ್ಪಸ್ವಲ್ಪವೇ, ಆದರೆ ತಪ್ಪದೆ ಕೊಡಿ. ತೆಳುವಾಗಿ ಮರಳು ಹರಡಿ, ನೀರು ನಿಲ್ಲದಂತೆ ನೋಡಿ. ನೆರಳು ಚೆಲ್ಲುವ ಕೊಂಬೆ ಸವರಿದರೆ ಬೆಳಗಿನ ಬಿಸಿಲು ಒಳಬರುತ್ತದೆ.

ಫೆರಸ್ ಸಲ್ಫೇಟ್ ಸಿಂಪಡಿಸಿದರೆ ಪಾಚಿ ಕಪ್ಪಾಗುತ್ತದೆ. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ಕಪ್ಪಾದ ಜಾಗವನ್ನು ಹುಲ್ಲು ತುಂಬುವವರೆಗೆ ಆರೈಕೆ ಬಿಡಬೇಡಿ.