ಹಸು ನೋಡುವವಳು ಆಕೆ, ತರಬೇತಿ ನನಗೆ

ನಮ್ಮದು ಪಾವಗಡ ಕಡೆಯ ಮಳೆ ನಂಬಿದ ಜಮೀನು. ಕಡಲೆಕಾಯಿ ಕೈಕೊಟ್ಟ ವರ್ಷಗಳಲ್ಲಿ ಸಂಸಾರ ನಡೆದದ್ದು ಎರಡು ಸೀಮೆಹಸುಗಳಿಂದ. ಕರೆಯುವುದು, ಸಗಣಿ ಬಾಚುವುದು, ಹುಲ್ಲು ನೀರು ಎಲ್ಲ ಮನೆಯಾಕೆಯದು. ಹಾಲಿನ ಸಂಘದ ಪುಸ್ತಕ ಮಾತ್ರ ನನ್ನ ಹೆಸರಲ್ಲಿ. ಹಾಗಾಗಿ ತರಬೇತಿಗೂ ನನಗೇ ಕರೆ ಬಂತು.

ಬೆದೆ ಗುರುತಿಸುವುದು ಹೇಗೆಂದು ಡಾಕ್ಟರು ಚೆನ್ನಾಗಿಯೇ ಹೇಳಿದರು. ಊಟ ಮಾಡಿ, ಕೊಟ್ಟ ಪುಸ್ತಕ ತಂದು ಅಟ್ಟಕ್ಕೆ ಹಾಕಿದೆ. ಮನೆಯಲ್ಲಿ ಒಂದು ಮಾತೂ ಹೇಳಲಿಲ್ಲ.

ಒಂದು ಬೆಳಿಗ್ಗೆ "ರಾತ್ರಿಯಿಂದ ಹಸ ಕೂಗ್ತಾ ಇದೆ ಕಣ್ರೀ, ಲೋಳೆನೂ ಸುರಿಸ್ತಾ ಇದೆ" ಅಂದಳು. ನಾಳೆ ನೋಡೋಣ ಅಂತ ಸಂತೆಗೆ ಹೋದೆ. ಮಾರನೆ ದಿನ ಮಧ್ಯಾಹ್ನ ಸೂಜಿ ಹಾಕಿಸಿದರೆ ಗಬ್ಬ ನಿಲ್ಲಲಿಲ್ಲ. ಹಸುವಿನ ಬೆದೆ ಒಂದು ದಿನದೊಳಗೇ ಮುಗಿಯುತ್ತದೆ. ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬೇಕು. ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ನನ್ನ ಉದಾಸೀನಕ್ಕೆ ಮೂರು ಸಲ ತಪ್ಪಿತು, 63 ದಿನ ಹೋಯಿತು. ಗಬ್ಬ ತಡವಾದಷ್ಟೂ ಮುಂದಿನ ಕರು ತಡ, ಹಾಲೂ ತಡ. ಬತ್ತಿದ ಹಸುವಿನ ಹುಲ್ಲಿಗೆಂದು ಆಕೆಯ ಓಲೆ ಅಡವಿಟ್ಟೆವು.

ಆಮೇಲೊಮ್ಮೆ ಹೆಣ್ಣು ಡಾಕ್ಟರೊಬ್ಬರು ಊರಲ್ಲೇ, ಬೆಳಗಿನ ಹಾಲು ಹಾಕಿ ಬಂದ ಮೇಲೆ ಹೆಂಗಸರನ್ನು ಸೇರಿಸಿ ಹೇಳಿಕೊಟ್ಟರು. ಮೊದಲ ಹಿಂಡಿನ ಹಾಲನ್ನು ಕಪ್ಪು ಬಟ್ಟೆ ಮೇಲೆ ಬಿಟ್ಟು ನೋಡಿ, ಗಂಟುಗಂಟು ಕಂಡರೆ ಕೆಚ್ಚಲು ಬಾವಿನ ಗುರುತು. ಕರೆದ ಮೇಲೆ ಅರ್ಧ ಗಂಟೆಯಾದರೂ ಹಸು ಮಲಗದ ಹಾಗೆ ಮೇವು ಹಾಕಿ, ಮೊಲೆಯ ತೂತು ಕೂಡಲೇ ಮುಚ್ಚುವುದಿಲ್ಲ, ನೆಲದ ಗಲೀಜು ಒಳಗೆ ಸೇರುತ್ತೆ. ಇದನ್ನೆಲ್ಲ ಆಕೆ ಆವತ್ತಿನ ಸಂಜೆಯಿಂದಲೇ ಶುರು ಮಾಡಿದಳು. ಒಂದು ಸಲ ಗಂಟು ಕಂಡಾಗ ನನ್ನನ್ನು ಕಾಯದೆ ತಾನೇ ಡಾಕ್ಟರಿಗೆ ಫೋನು ಮಾಡಿದಳು. ಕೆಚ್ಚಲು ಉಳಿಯಿತು.

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಹಾಲು ಕೊಡೋ ಸೀಮೆಹಸು ದಿನಕ್ಕೆ 60 ಲೀಟರೋ ಇನ್ನೂ ಹೆಚ್ಚೋ ನೀರು ಕುಡಿಯುತ್ತೆ, ಸದಾ ಮುಂದಿಡಿ ಅಂದರಂತೆ ಡಾಕ್ಟರು. "ಹೊರೋರು ಯಾರಮ್ಮ?" ಅಂತ ಈಕೆ ಅಲ್ಲೇ ಕೇಳಿದಳಂತೆ. ನನ್ನ ತರಬೇತಿಯಲ್ಲಿ ಈ ಪ್ರಶ್ನೆ ಏಳಲಿಲ್ಲ. ಹೊರುವವರು ಅಲ್ಲಿರಲೇ ಇಲ್ಲವಲ್ಲ! ನಲ್ಲಿಯಿಂದ ಬಾನಿಗೆ ಪೈಪು ಎಳೆದೆ, ಅರ್ಧ ದಿನದ ಕೆಲಸ.

ತರಬೇತಿ ನಡೆಸುವವರು ತಾಲ್ಲೂಕಿನಲ್ಲಿ ದಿನವಿಡೀ ಇಟ್ಟರೆ ಹೆಂಗಸರು ಬರಲಾರರು. ಸಂಜೆ ಹಾಲು ಕರೆಯಲು ಮನೆ ಸೇರಬೇಕು. ಊರಲ್ಲೇ ಇಡಿ.

ಈಗ ಸಂಘದ ಪುಸ್ತಕ, ಬ್ಯಾಂಕ್ ಖಾತೆ ಎರಡೂ ಆಕೆಯ ಹೆಸರಲ್ಲಿವೆ. ಬೆದೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 21ನೇ ದಿನ ನನಗೆ ಸಂತೆಗೆ ಹೋಗಬೇಡಿ ಅನ್ನುತ್ತಾಳೆ.